ಸಿದ್ದಮಲ್ಲಪ್ಪನವರ ಟೆಂಪೊ ಟೋಲ್ ದಾಟುತ್ತಲೇ ಇತ್ತು

ಭೇರ್ಯದ ಸಿದ್ದಮಲ್ಲಪ್ಪನವರನ್ನು ಮಣ್ಣು ಮಾಡಿ ಐದು ತಿಂಗಳಾಗಿತ್ತು. ಆದರೂ ದಿನಾ ನಡುಮಧ್ಯಾಹ್ನ ಅವರ ಫೋನು ಗುಂಯ್ ಎನ್ನುತ್ತಿತ್ತು. ‘ನಿಮ್ಮ ವಾಹನ ಟೋಲ್ ದಾಟಿದೆ’ ಎಂಬ ಸಂದೇಶ, ಜೊತೆಗೆ ಕಂಡು ಕೇಳರಿಯದ ಪಟ್ಟಣವೊಂದರ ಹೆಸರು. ಹೆಂಡತಿ ಪುಟ್ಟಮಾದಮ್ಮ ಅದನ್ನು ಓದಿ, ತಲೆಬಾಗಿಲು ತೆರೆದಿಟ್ಟು, ಎರಡು ತಟ್ಟೆ ಹಾಕಿಕೊಂಡು ಕೂರುತ್ತಿದ್ದರು. ಮುದ್ದೆ ಆರಿಹೋಗುತ್ತಿತ್ತು. ಆ ಹೊತ್ತಿನಲ್ಲಿ ಅಕ್ಕಪಕ್ಕದವರು ಆ ಮನೆ ಮುಂದೆ ಹಾಯುವುದನ್ನೇ ಬಿಟ್ಟರು. ಪಾಪ, ನಗುವವರು ನಕ್ಕರು.

ಪುಟ್ಟಮಾದಮ್ಮನ ಅಣ್ಣನ ಮಗಳು ಉಷಾರಾಣಿ, ಪಟ್ಟಣದ ರಸ್ತೆಗಳ ಟೋಲ್ ನೋಡಿಕೊಳ್ಳುವ ಸರ್ಕಾರಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಊರಿಗೆ ಬಂದವಳು ಆ ಎರಡನೇ ತಟ್ಟೆ ನೋಡಿ ಬೆಚ್ಚಿದಳು. ವಿಷಯ ತಿಳಿದು, ಮಾವ ಹಾಸಿಗೆ ಹಿಡಿದಾಗಲೇ ಟೆಂಪೊ ಮಾರಿದಿರಲ್ಲ ಎಂದು ನೆನಪಿಸಿದಳು.

“ಮಾರಿದ್ದೂ ನಿಜ, ಮಣ್ಣು ಮಾಡಿದ್ದೂ ನಿಜ ಕಣವ್ವ. ಆದ್ರೂ ಅವ್ರು ಓಡಿಸ್ತಾವ್ರೆ. ಇಲ್ದಿದ್ರೆ ಅವ್ರ ಫೋನಿಗೇ ಯಾಕ್ ಬತ್ತದೆ?” ಎಂದರು ಪುಟ್ಟಮಾದಮ್ಮ.

ಗಾಜಿನ ಮೇಲಿದ್ದ ಫಾಸ್ಟ್‌ಟ್ಯಾಗ್ ಕಿತ್ತಿರಾ ಎಂದು ಉಷಾರಾಣಿ ಕೇಳಿದಳು. ಇಲ್ಲ. ಕೊಂಡುಕೊಂಡ ಎಚ್.ಡಿ. ಕೋಟೆಯ ದಲ್ಲಾಳಿ ಕೀಳಲು ಹೋಗಿದ್ದ. ಗಾಡಿಪೂಜೆಯ ದಿನ ವಿಭೂತಿ ಬಳಿದು ಯಜಮಾನರು ಕೈಯಾರೆ ಅಂಟಿಸಿದ್ದು, ಕಿತ್ತರೆ ಅಪಶಕುನ ಎಂದು ಪುಟ್ಟಮಾದಮ್ಮನೇ ತಡೆದಿದ್ದರು.

“ಅತ್ತೆ, ಗೇಟಿನ ಯಂತ್ರ ಟ್ಯಾಗ್ ಓದ್ತದೆ, ಓಡ್ಸೋರು ಯಾರು ಅಂತ ಕೇಳಕಿಲ್ಲ. ಟ್ಯಾಗ್ ಯಾರ ಹೆಸ್ರಲ್ಲಿ ಅದ್ಯೋ ಅವ್ರ ಖಾತೆಯಿಂದ ದುಡ್ಡು ನಮ್ಮಂಥ ಕಂಪನಿಗೆ ಬತ್ತದೆ, ಅದ್ರಲ್ಲಿ ರಸ್ತೆ ನೋಡ್ಕೊತೀವಿ. ಗಾಡಿ ದಾಖಲೆ, ಆರ್‌ಸಿನೂ ಮಾವನ ಹೆಸ್ರಲ್ಲೇ ಇದ್ರೆ, ಆ ಗಾಡಿ ಯಾರಿಗಾದ್ರೂ ಗುದ್ದಿದಾಗ ಪೊಲೀಸ್ನೋರು ನಿಮ್ಮನ್ನೇ ಉಡಿಕ್ಕೊಂಡು ಬತ್ತಾರೆ.”

ಪುಟ್ಟಮಾದಮ್ಮ ನಂಬಲಿಲ್ಲ. ಉಷಾರಾಣಿ ಅತ್ತೆಯ ಕೈಯಿಂದಲೇ ಟೋಲ್ ಕಂಪನಿಗೆ ದೂರು ಕೊಡಿಸಿ, ಗೇಟಿನ ಕ್ಯಾಮೆರಾ ಹಿಡಿದ ಚಿತ್ರ ತರಿಸಿದಳು. ಗಾಜಿನ ಒಳಮೈಗೆ ಸಿದ್ದಮಲ್ಲಪ್ಪನವರು ಬಳಿದ ಮೂರು ಬೆರಳಿನ ವಿಭೂತಿ ಅಳಿಯದೆ ಉಳಿದಿತ್ತು. ಅದರ ಹಿಂದೆ ಸ್ಟೇರಿಂಗ್ ಹಿಡಿದು ನೆಟ್ಟಗೆ ಇವರನ್ನೇ ನೋಡುತ್ತಿದ್ದವನು ಯಾರೋ ಗುರುತಿಲ್ಲದವನು. ಪುಟ್ಟಮಾದಮ್ಮ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಇವ್ನಿಗಾ ನಾನು ದಿನಾ ತಟ್ಟೆ ಹಾಕ್ತಿದ್ದದ್ದು?”

ಮಾರನೆಯ ದಿನ ಮರಣ ಪ್ರಮಾಣಪತ್ರ ಹಿಡಿದು ಕೆ.ಆರ್. ನಗರದ ಬ್ಯಾಂಕಿಗೆ ಹೋಗಿ ಟ್ಯಾಗ್ ಮುಚ್ಚಿಸಿದರು. ಆರ್‌ಸಿ ವಿಚಾರಿಸಲು ಹುಣಸೂರಿನ ಆರ್‌ಟಿಒ ಕಚೇರಿಗೂ ಹೋದರು. ಅದರ ಮರುದಿನ ನಡುಮಧ್ಯಾಹ್ನ ಫೋನು ಸದ್ದು ಮಾಡಲಿಲ್ಲ. ಗಂಡ ಸತ್ತದ್ದು ಅವರ ಮನಸ್ಸಿಗೆ ಇಳಿದದ್ದು ಆವತ್ತೇ. ಐದು ತಿಂಗಳ ಅಳುವನ್ನು ಒಂದೇ ಸಲ ಅತ್ತರು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಗಾಡಿ ಮಾರುತ್ತಿದ್ದೀರಾ? ಕೀಲಿ ಕೊಡುವ ಮುಂಚೆಯೇ ಟ್ಯಾಗ್ ಕಿತ್ತು, ಅದನ್ನು ಕೊಟ್ಟ ಬ್ಯಾಂಕಿಗೆ ಹೇಳಿ ಮುಚ್ಚಿಸಿ. ಆರ್‌ಸಿ ಕೊಂಡವರ ಹೆಸರಿಗೆ ಆಗುವತನಕ ಬಿಡಬೇಡಿ. ಮನೆಯಲ್ಲಿ ಯಾರಾದರೂ ತೀರಿಹೋಗಿದ್ದರೆ ಅವರ ಹೆಸರಿನಲ್ಲಿ ಟ್ಯಾಗ್ ಉಳಿದಿದೆಯೇ ಎಂದು ಈ ವಾರವೇ ಕೇಳಿಬನ್ನಿ. ಹೋದವರು ನೆಮ್ಮದಿಯಾಗಿ ಹೋಗಲಿ.