ಅಕ್ಕನ ನಾಲಿಗೆ

ಆ ಪುಟ್ಟ ಬ್ರೂವರಿಯಲ್ಲಿ ಬಿಯರ್ ಮಾಡುವವಳು ಅಕ್ಕ, ಮಾರುವವನು ತಮ್ಮ. ಅವಳು ಗ್ಲಾಸನ್ನು ಮೂಸಿ, ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ‘ಹೂಂ’ ಎಂದ ಮೇಲೆಯೇ ಪೀಪಾಯಿ ಹೊಸ್ತಿಲು ದಾಟುತ್ತಿತ್ತು. ಚಳಿಗಾಲದಲ್ಲಿ ಅವಳಿಗೊಂದು ಜ್ವರ ಬಂತು. ಹೋಗುವಾಗ ಅದು ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ನೆಗಡಿಯಿರಬೇಕೆಂದು ಅವಳು ಸುಮ್ಮನಿದ್ದಳು. ಆದರೆ ಒಂದು ಬೆಳಿಗ್ಗೆ ಪಕ್ಕದಲ್ಲೇ ನಿಂತಿದ್ದರೂ ಹಾಲು ಸೀದು ಕರಕಲಾದದ್ದು ತಿಳಿಯದೆ ಹೋದಾಗ ಇದು ಬರೀ ನೆಗಡಿಯಲ್ಲವೆಂದು ಅರಿವಾಯಿತು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಕಣ್ಣಿಗೆ ಬಣ್ಣ ಕಾಣುತ್ತಿತ್ತು, ನಾಲಿಗೆಗೆ ಕಹಿ, ಸಿಹಿ, ಹುಳಿ ಸಿಗುತ್ತಿತ್ತು. ಉಳಿದದ್ದನ್ನು ನೆನಪಿನಿಂದ ತುಂಬಿಕೊಂಡು ದಿನ ದೂಡಿದಳು.

ಹಾಗೆ ದೂಡುವಾಗ ಒಮ್ಮೆ ಕೊಳೆತ ಮೊಟ್ಟೆಯ ನಾತ ಹೊಡೆಯುವ ಸರಕು ಅವಳ ‘ಹೂಂ’ ಪಡೆದು ಅಂಗಡಿಗಳಿಗೆ ಹೋಗಿ, ಹೋದ ದಾರಿಯಲ್ಲೇ ಹಿಂದಿರುಗಿತು. ಮೂಗು ಸರಿಯಿದೆಯಾ ಎಂದು ತಮ್ಮ ಎರಡು ಸಲ ಕೇಳಿದ. ಎರಡು ಸಲವೂ ಅವಳು ಸಿಡುಕಿ, ಅಂಗಡಿಯವರು ಪೀಪಾಯಿಯಿಂದ ಬಿಯರ್ ಇಳಿಸುವ ಕೊಳವೆ ತೊಳೆದಿರಲಿಲ್ಲ ಎಂದು ಅವರ ಮೇಲೆ ಹಾಕಿದಳು.

ಒಂದು ಮಧ್ಯಾಹ್ನ ತಮ್ಮ ಬಾರಿನವರನ್ನೂ ಹೋಟೆಲಿನವರನ್ನೂ ರುಚಿ ನೋಡಲು ಕರೆದ. ನಾಲ್ಕು ಬಗೆಯ ಬಿಯರ್‌ಗಳನ್ನು ಅಕ್ಕ ಹೋಲಿಸಿ ಹೇಳುತ್ತಾಳೆಂದು ಅವಳನ್ನು ಮೇಜಿನ ತುದಿಯಲ್ಲಿ ಕೂರಿಸಿದ. ಎಲ್ಲರ ಮುಂದೆಯೂ ನಾಲ್ಕು ಸಣ್ಣ ಗ್ಲಾಸುಗಳು: ಮಬ್ಬು ಹಳದಿ, ತಾಮ್ರ, ಕೆಂಗಂದು, ಕಪ್ಪು.

ಮೊದಲನೆಯದು ಗೋಧಿ ಬಿಯರ್. ಲವಂಗ, ಬಾಳೆಹಣ್ಣು ಎಂದಳು. ಎರಡನೆಯದು, ಬಣ್ಣ ನೋಡಿದರೆ, ಪೇಲ್ ಏಲ್. ಅದು ನಾಲಿಗೆಯನ್ನು ಚುರುಕ್ಕೆನ್ನುವಷ್ಟು ಕಹಿಯಿರಬೇಕು. ಆದರೆ ಸಿಕ್ಕಿದ್ದು ಮೊದಲ ಗ್ಲಾಸಿನ ಅದೇ ಮೆತ್ತಗಿನ ಸಿಹಿ. ಮೂರನೆಯದೂ ಹಾಗೇ, ಕಪ್ಪು ಸ್ಟೌಟ್ ಕೂಡ ಹಾಗೇ. ಮೂಗು ಹೋಯಿತು, ಈಗ ನಾಲಿಗೆಯೂ ಕೈಕೊಟ್ಟಿತೇ? ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಬಣ್ಣವನ್ನು ನಂಬಿ ಹೇಳುತ್ತಾ ಹೋದಳು: ಇದರಲ್ಲಿ ಕಿತ್ತಳೆ ಸಿಪ್ಪೆಯ ಘಮ, ಇದರಲ್ಲಿ ಕಂದಿದ ಸಕ್ಕರೆ, ಇದರಲ್ಲಿ ಹುರಿದ ಕಾಫಿ ಬೀಜ. ಕೂತವರೂ ಗುಟುಕರಿಸಿ ತಲೆದೂಗಿದರು. ಹೋಟೆಲಿನ ಮ್ಯಾನೇಜರಂತೂ ತನಗೆ ಚಾಕೊಲೇಟ್ ಕೂಡ ಸಿಕ್ಕಿತು ಎಂದ.

ಆಗ ತಮ್ಮ ಎದ್ದು ನಿಂತ.

“ನಾಲ್ಕೂ ಒಂದೇ ಪೀಪಾಯಿದು. ಗೋಧಿ ಬಿಯರ್ರು. ಬಣ್ಣ ನಾನು ಬೆರೆಸಿದ್ದು. ಅಕ್ಕನಿಗೆ ವಾಸನೆ ಗೊತ್ತಾಗ್ತಿಲ್ಲ. ಇನ್ಮೇಲೆ ರುಚಿ ನೋಡೋನು ನಾನು, ಹಾಳಾದ ಸರಕು ನಿಮ್ಮ ಬಾಗಿಲಿಗೆ ಬರಲ್ಲ.”

ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಒಂದು ಕ್ಷಣವಷ್ಟೇ. ನಾಲಿಗೆ ನಿಜವನ್ನೇ ಹೇಳಿತ್ತೆಂದು ಹೊಳೆದದ್ದೇ ತಡ, ಅಂಗಾಲಿನ ಉರಿ ನೆತ್ತಿಗೇರಿತು. ತನ್ನ ಕೈಯಾರೆ ಮಾಡಿದ ಬಿಯರಿಗೆ ಬಣ್ಣ ಕಲಸಿ, ತನ್ನ ನಾಲಿಗೆಯನ್ನೇ ತಾನು ನಂಬದ ಹಾಗೆ ಮಾಡಿದ್ದಾನೆ, ಅದೂ ಬೆನ್ನಿಗೆ ಬಿದ್ದ ತಮ್ಮ!

ಅವಳು ಏಳಲಿಲ್ಲ. ಮ್ಯಾನೇಜರನ ಕಡೆ ತಿರುಗಿದಳು.

“ನನಗೆ ಮೂಗಿಲ್ಲ, ಒಪ್ಪಿದೆ. ನಿಮಗೇನಾಗಿತ್ತು? ಗೋಧಿ ಬಿಯರಲ್ಲಿ ಚಾಕೊಲೇಟ್ ಎಲ್ಲಿಂದ ಬಂತು?”

ಆತ ಗ್ಲಾಸಿನೊಳಗೆ ಏನೋ ಬಿದ್ದಿದೆಯೆಂಬಂತೆ ಇಣುಕಿದ. ಉಳಿದವರು ಗೋಡೆ ನೋಡಿದರು.

“ನಾನು ಸುಳ್ಳು ಹೇಳಿದೆ ಕಣೋ, ಅದು ತಪ್ಪೇ,” ಎಂದಳು ತಮ್ಮನಿಗೆ. “ಬಾಗಿಲು ಹಾಕ್ಕೊಂಡು ಬೈದಿದ್ರೆ ಬೈಸ್ಕೊಳ್ತಿದ್ದೆ.”

“ಕೇಳಿದ್ನಲ್ಲ ಅಕ್ಕ, ಎರಡು ಸಲ.”

“ಮೂರನೇ ಸಲ ಕೇಳೋಕೆ ನಿನಗೆ ಪುರುಸೊತ್ತಿರಲಿಲ್ಲ. ಊರವರನ್ನೆಲ್ಲ ಕೂರಿಸಿ ನನ್ನ ಮುಖಕ್ಕೆ ಮಸಿ ಬಳಿಯೋಕೆ ಮಾತ್ರ ಬೇಕಾದಷ್ಟಿತ್ತು.”

ಬಂದವರು ಒಬ್ಬೊಬ್ಬರಾಗಿ ಕೋಟು ಹುಡುಕಿಕೊಂಡು ಜಾಗ ಖಾಲಿ ಮಾಡಿದರು.

ಮರುದಿನ ಅಕ್ಕ ಕೆಲಸದವರನ್ನೆಲ್ಲ ಕರೆದು, ತನಗೆ ವಾಸನೆ ಹತ್ತುವುದಿಲ್ಲವೆಂದು ತಾನೇ ಹೇಳಿದಳು. ಇನ್ನು ಮುಂದೆ ನಾಲಿಗೆ ತನ್ನದು, ಮೂಗು ತಮ್ಮನ ಹೆಂಡತಿಯದು ಎಂದಳು. ಅಟ್ಟದ ಮೇಲೆ ಇಲಿ ಸತ್ತರೆ ಕೆಳಗಿನಿಂದಲೇ ಕಂಡುಹಿಡಿಯುತ್ತಿದ್ದ ಹೆಂಗಸು ಅವಳು. ಗಂಡ ಏನೆನ್ನುತ್ತಾನೋ ಎಂದು ಹಿಂಜರಿದಳು. ರುಚಿ ನೋಡುವವನು ತಾನೆಂದು ನಾಲ್ಕು ಜನರ ಮುಂದೆ ಹೇಳಿ ಆಗಿದೆ, ಈಗ ತನ್ನ ಮರ್ಯಾದೆ ಏನಾಗಬೇಕು ಎಂದು ಗಂಡ ಗೊಣಗಿದ್ದೂ ಹೌದು.

“ಬಿಯರಿಗೆ ಬಣ್ಣ ಕಲಸಿದ ಕೈ ಈ ಮೇಜಿಗೆ ಬೇಡ. ನೀನು ಮಾರು,” ಎಂದಳು ಅಕ್ಕ.

ಆ ಸಂಜೆ ಅವನು ಅವಳ ಮನೆಗೆ ಬಂದು, ತಪ್ಪಾಯಿತೆಂದು ತಲೆ ತಗ್ಗಿಸಿದ. ಅವಳು ಚಹಾ ಕೊಟ್ಟಳು, ಕ್ಷಮೆ ಕೊಡಲಿಲ್ಲ. ಆಮೇಲೆ ಇಬ್ಬರ ನಡುವೆ ಕೆಲಸದ ಮಾತು ನಿಲ್ಲಲಿಲ್ಲ, ಮಿಕ್ಕ ಮಾತು ಶುರುವಾಗಲಿಲ್ಲ.

ಮುಂದಿನ ಸ್ಟೌಟನ್ನು ಇಬ್ಬರು ಹೆಂಗಸರೂ ಕೂತು ರುಚಿ ನೋಡಿದರು. ಕಹಿ ಒಂದು ಎಳೆ ಹೆಚ್ಚಾಯಿತೆಂದು ಅಕ್ಕ ಹೇಳಿದಳು. ವಾಸನೆ ಹೇಗಿದೆ ಎಂದು ಕೇಳಿದಾಗ ತಮ್ಮನ ಹೆಂಡತಿ ಪದ ಸಿಗದೆ ತಡವರಿಸಿ, “ಮಳೆಯಲ್ಲಿ ನೆಂದ ಸೌದೆಗೆ ಬೆಂಕಿ ಹಚ್ಚಿದ ಹಾಗೆ,” ಎಂದಳು. ಅಕ್ಕ ಕಣ್ಣು ಮುಚ್ಚಿ ಆ ವಾಸನೆಯನ್ನು ನೆನಪಿನಲ್ಲಿ ಹುಡುಕಿದಳು.