ನಲವತ್ತು ಮಂದಿಗೆ ಹೇಳಿದ ಡಿಕ್ಕಿ

ಕಲಬುರಗಿ ಮಂದಿ ಆಸ್ಪತ್ರೆಗೆ ಬಂದು ರೋಗಿಯ ಮುಖ ನೋಡಿ ಸುಮ್ಮನೆ ಎದ್ದು ಹೋಗುವವರಲ್ಲ. ಬ್ರೆಡ್ಡು, ಎಳನೀರು, ಸೇಬು ತಂದಿಟ್ಟು, ಮಂಚದ ತುದಿಗೆ ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡು "ಹೆಂಗಾಯ್ತವಾ?" ಅಂತ ಕೇಳಿ, ಮೊದಲಿನಿಂದ ಕೊನೆತನಕ ಕೇಳಿಸಿಕೊಂಡೇ ಏಳುವುದು. ಅರ್ಧ ಹೇಳಿದರೆ ಮುನಿಸು. "ನಮಗ್ಯಾಕ ಹೇಳ್ತಾಳ ಬಿಡು" ಅಂತ ಮುಂದಿನ ಮದುವೆಯ ಪಂಕ್ತಿಯಲ್ಲಿ ಎತ್ತಿ ಆಡುತ್ತಾರೆ. ಎಲ್ಲಾ ಪ್ರೀತಿಯೇ, ಇಲ್ಲ ಅನ್ನುವವರು ಯಾರು? ಆದರೆ ಆ ಪ್ರೀತಿಯೇ ಸುನಂದಾಳನ್ನು ಫಜೀತಿಗೆ ಸಿಕ್ಕಿಸಿತು.

ಆಗಿದ್ದು ಇಷ್ಟೇ. ಕೋಟನೂರಿನ ಸುನಂದಾ ತನ್ನ ಗಂಡ ವಿವೇಕಾನಂದನ ಬೈಕಿನ ಹಿಂದೆ ಕೂತು ಕಮಲಾಪುರಕ್ಕೆ ಹೊರಟಿದ್ದಳು, ನಾದಿನಿಯ ಬಸುರಿ ಮಗಳ ಕುಬಸದ ಕಾರ್ಯಕ್ಕೆ. ಊರು ಇನ್ನೇನು ಬಂತು ಅನ್ನುವಾಗ, ಹೆದ್ದಾರಿಯಿಂದ ಬಲಕ್ಕೆ ಊರೊಳಗೆ ಹೊರಳುವ ಜಾಗದಲ್ಲಿ, ಹಿಂದಿನಿಂದ ಬಂದ ಇನ್ನೊಂದು ಬೈಕಿಗೂ ಇವರ ಬೈಕಿಗೂ ಡಿಕ್ಕಿಯಾಯಿತು. ಹಿಂದಿನ ಬೈಕಿನಲ್ಲಿದ್ದವನು ಕಮಲಾಪುರದ ಆಮಿರ್, ಇಪ್ಪತ್ತನಾಲ್ಕರ ಹುಡುಗ. ಅವನ ಮೊಣಕಾಲಿಗೆ ಪೆಟ್ಟು ಬಿತ್ತು. ಸುನಂದಾಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ವಿವೇಕಾನಂದನ ಹೆಗಲಿನ ಎಲುಬು ಮುರಿಯಿತು, ತುಟಿ ಸೀಳಿ, ನಾಲಿಗೆ ಕಚ್ಚಿಕೊಂಡು ಬಾಯಿಗೆಲ್ಲ ಹೊಲಿಗೆ ಬಿತ್ತು. ಎಂಟು ದಿನ ಮಾತಾಡಕೂಡದು ಅಂದರು ಡಾಕ್ಟರು. ನೆರೆದ ಮಂದಿ ಪುಣ್ಯವಂತರು. ಗಾಯದವರನ್ನು ಆಟೋಕ್ಕೆ ಹಾಕಿ, ಎರಡೂ ಬೈಕುಗಳನ್ನು ಎತ್ತಿ ಒಯ್ದು ಬೇವಿನ ಗಿಡದ ನೆರಳಿಗೆ ಜೋಡಿಸಿ ನಿಲ್ಲಿಸಿದರು. ಪೊಲೀಸರು ಬರುವಷ್ಟರಲ್ಲಿ ರಸ್ತೆಯ ಮೇಲೆ ಒಂದು ಗೆರೆಯ ಗುರುತೂ ಉಳಿದಿರಲಿಲ್ಲ.

ಹಾಗಾಗಿ ಹೇಳುವ ಪಾಳಿ ಸುನಂದಾಳದಾಯಿತು. ಮೊದಲು ಬಂದವಳು ಗಂಡನ ದೊಡ್ಡಮ್ಮ ಶಿವಕಾಂತಮ್ಮ, ನಂದೂರಿನಿಂದ. ಎಪ್ಪತ್ತು ದಾಟಿದ ಮುದುಕಿ, ಪ್ರಶ್ನೆ ಕೇಳುವುದರಲ್ಲಿ ವಕೀಲರೂ ಅವಳ ಮುಂದೆ ನಿಲ್ಲಲಾರರು.

"ಹಿಂದಿನಿಂದ ಬಂದ ಹೊಡದನೇನು?"

"ಹಿಂದಿನಿಂದನ ಬಂದ, ದೊಡ್ಡವ್ವಾ."

"ಜೋರ ಬಂದಿರಬೇಕು."

"ಜೋರ ಬಂದ."

"ಕೈಯಾಗ ಮೊಬೈಲ್ ಹಿಡಕೊಂಡಿದ್ದನೇನು? ಈಗಿನ ಹುಡುಗರದು ಅದ ಹಾಡಲ್ಲ?"

ಸುನಂದಾ ಗಂಡನ ಕಡೆ ನೋಡಿದಳು. ಬಾಯಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ವಿವೇಕಾನಂದ ಮೆಲ್ಲಗೆ ತಲೆ ಆಡಿಸಿದ. ಗಾಡಿ ಓಡಿಸುತ್ತಿದ್ದ ಗಂಡನೇ ಹೌದು ಅಂದ ಮೇಲೆ ಇನ್ನೇನು? "ಹಿಡಕೊಂಡಿದ್ದ" ಅಂದಳು.

ಎರಡನೆಯವರಿಗೆ ಹೇಳುವಾಗ ಆ ಮೊಬೈಲಿಗೆ ನೀಲಿ ಕವರು ಬಂತು. ಐದನೆಯವರಿಗೆ ಹುಡುಗ ಒಂದೇ ಕೈಯಲ್ಲಿ ಗಾಡಿ ಹೊಡೆಯುತ್ತಿದ್ದ. ಹತ್ತನೆಯವರಿಗೆ ನಗುನಗುತ್ತಾ ಮಾತಾಡುತ್ತಿದ್ದ. ಬಂದವರು ಅಯ್ಯೋ ಅನ್ನುವ ಜಾಗ ಯಾವುದು, ಶಿವಶಿವಾ ಅಂತ ಎದೆ ಮುಟ್ಟಿಕೊಳ್ಳುವ ಜಾಗ ಯಾವುದು ಅಂತ ಅವಳಿಗೆ ಬಾಯಿಪಾಠವಾಯಿತು. ಪ್ರತಿ ಸಲವೂ ಗಂಡ ತಲೆ ಆಡಿಸುತ್ತಿದ್ದ. ಇಪ್ಪತ್ತನೆಯ ಸಲಕ್ಕೆ ಹೇಳುತ್ತಾ ಹೇಳುತ್ತಾ ಅವಳಿಗೇ ಅಳು ಬಂತು, ಆ ಹುಡುಗನ ನಗು ಕಣ್ಣಿಗೆ ಕಟ್ಟಿದಂತಾಗಿ ಮೈಯೆಲ್ಲ ಉರಿಯಿತು.

ಐದನೇ ದಿನ ಕಮಲಾಪುರ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಯಶವಂತ ಹೇಳಿಕೆ ಬರೆದುಕೊಳ್ಳಲು ಬಂದ. ಸುನಂದಾ ಎಲ್ಲೂ ತಡವರಿಸದೆ ಹೇಳಿದಳು. ಬರೆದು ಮುಗಿಸಿ ಅವನು ಪೆನ್ನಿನ ಟೊಪ್ಪಿಗೆ ಹಾಕುತ್ತಾ, "ಅಕ್ಕಾರ, ಇಷ್ಟ ಸಾಫಾಗಿ ಹೇಳೋ ಸಾಕ್ಷಿ ನಮಗ ಸಿಗಂಗೇ ಇಲ್ಲರಿ" ಅಂದ. ಅವಳಿಗೆ ಒಳಗೊಳಗೇ ಹೆಮ್ಮೆ ಅನಿಸಿತು. ಅನಿಸದೇ ಇರುತ್ತದೆಯೇ!

ಬಂದುಹೋದವರು ಒಟ್ಟು ನಲವತ್ತು. ಆಮೇಲೆ ಮನೆಗೆ ಬಂದರು, ಹೊಲಿಗೆ ಬಿಚ್ಚಿದರು, ವಿವೇಕಾನಂದ ಕೊರಳಿಗೆ ಕೈ ಕಟ್ಟಿಕೊಂಡು ಪಡಸಾಲೆಯಲ್ಲಿ ಪೇಪರು ಓದುವ ಹಾಗಾದ. ಅಷ್ಟರಲ್ಲಿ ಒಂದು ಗುರುವಾರ ಮಧ್ಯಾಹ್ನ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತಳು. "ನಾ ಚಾಂದಬಿ ರೀ. ಆಮಿರನ ತಾಯಿ" ಅಂದಳು.

ಸುನಂದಾಳಿಗೆ ಬಾಗಿಲು ಹಾಕಿಕೊಳ್ಳಬೇಕು ಅನಿಸಿತು. ಆದರೆ ಫೆಬ್ರುವರಿಯ ಬಿಸಿಲಲ್ಲಿ ಕಮಲಾಪುರದಿಂದ ಬಂದವಳು ಅಂತ ಕುರ್ಚಿ ಕೊಟ್ಟು ನೀರು ಕೊಟ್ಟಳು. ಚಾಂದಬಿ ಅರ್ಧ ಗ್ಲಾಸು ಕುಡಿದು ಕೆಳಗಿಟ್ಟಳು.

"ಅಕ್ಕಾ, ಜಗಳಾಡಾಕ ಬಂದಿಲ್ಲ ನಾ. ನನ್ನ ಮಗ ಲಾರಿ ಕ್ಲೀನರ್ ಆಗಿ ದುಡದು, ಲೈಸೆನ್ಸ್ ತಗೊಂಡು, ಈಗ ಬಸ್ ಡ್ರೈವರ್ ನೌಕರಿ ಲಿಸ್ಟಿನ್ಯಾಗ ಹೆಸರು ಬಂದದ. ಸೋಮವಾರ ಈ ಕೇಸಿನ ಕಾಗದ ಕೋರ್ಟಿಗೆ ಹೋಗ್ತಾವಂತ. ಹೋದ್ರ ಖತಂ. ಆಕ್ಸಿಡೆಂಟ್ ಕೇಸ್ ಇದ್ದವನ ಕೈಗೆ ಬಸ್ ಯಾರ ಕೊಡ್ತಾರ?"

"ಅದಕ್ಕ ನಾ ಏನ್ ಮಾಡ್ಲಿ? ನಮ್ಮವರದು ಎಲುಬ ಮುರದದ."

"ಖರೇ ಅದ. ಅವ ತಪ್ಪ ಮಾಡಿದ್ರ ಅನುಭವಸ್ಲಿ. ಸುಳ್ಳ ಹೇಳ್ರಿ ಅನ್ನಂಗಿಲ್ಲ ನಾ. ಮೊಬೈಲ್ ಹಿಡಕೊಂಡಿದ್ದ ಅಂತ ಬರಸೀರಲ್ಲ, ಆ ದಿನ ಅವನ ಮೊಬೈಲ್ ಮನ್ಯಾಗ ಇತ್ತು. ಅದರಾಗ ನಾನ ನನ್ನ ತಂಗಿ ಜೋಡಿ ಮಾತಾಡಾಕತ್ತಿದ್ದೆ. ಅಲ್ಲಾ ಕಸಮ್. ನೀವು ಖರೇ ನೋಡೀರೇನು, ಅಕ್ಕಾ?"

"ನೋಡೀನಿ. ನೀಲಿ ಕವರ್ ಇತ್ತು."

ಚಾಂದಬಿ ಚೀಲದಿಂದ ಮಗನ ಮೊಬೈಲು ತೆಗೆದು ತೋರಿಸಿದಳು. ಕರಿ ಬಣ್ಣದ್ದು, ಮೂಲೆ ಒಡೆದದ್ದು, ಕವರೇ ಇಲ್ಲ. ಕವರು ಕಿತ್ತು ತಂದಿರಬಹುದಲ್ಲ? ತಾಯಿ ಅಂದಮೇಲೆ ಮಗನಿಗಾಗಿ ಏನಾದರೂ ಮಾಡುತ್ತಾಳೆ. ಹಾಗಂತ ಸುನಂದಾ ಮನಸ್ಸಿಗೆ ಹೇಳಿಕೊಂಡಳು, ಆದರೆ ಮನಸ್ಸು ಕೇಳಲಿಲ್ಲ. ಚಾಂದಬಿ ಉಳಿದ ನೀರು ಕುಡಿದು, "ನಾಡಿದ್ದ ಶನಿವಾರ ಪೊಲೀಸಪ್ಪ ಎಲ್ಲಾರನ್ನೂ ಡಿಕ್ಕಿ ಆದ ಜಾಗಕ್ಕ ಕರದಾನಲ್ಲ, ಅಲ್ಲಿ ನಿಮಗೇನ ನೆನಪ ಬರ್ತದ ಅದ ಹೇಳ್ರಿ, ಸಾಕು" ಅಂದು ಎದ್ದು ಹೋದಳು.

ಸುನಂದಾ ಒಳಗೆ ಬಂದಳು. "ಏನ್ರಿ, ಆ ಹುಡುಗನ ಕೈಯಾಗ ಮೊಬೈಲ್ ಇತ್ತಲ್ಲ?"

"ಇತ್ತಲ್ಲ" ಅಂದ ವಿವೇಕಾನಂದ, ಪೇಪರಿನಿಂದ ತಲೆ ಎತ್ತದೆ.

"ನೀವ ನೋಡೀರಿ?"

"ನಾ ಎಲ್ಲಿ ನೋಡ್ಲಿ? ನನಗ ದಾರ್ಯಾಗ ಕಾರ್ಖಾನಿ ದಾಟಿದ್ದು ನೆನಪದ, ಆಮ್ಯಾಲ ಆಸ್ಪತ್ರ್ಯಾಗ ಕಣ್ಣ ತೆರದಿದ್ದು ನೆನಪದ. ನಡುವಿಂದು ಏನೂ ಇಲ್ಲ. ನೀ ದೊಡ್ಡವ್ವಗ ಹೇಳಾಕತ್ತಿದ್ದೆಲ್ಲ, ಕೇಳಿ ಕೇಳಿ ನನಗೂ ಗೊತ್ತಾಯ್ತು."

"ಮತ್ತ ತಲಿ ಯಾಕ ಆಡಸ್ತಿದ್ರಿ?"

"ನೀ ನೋಡಿದಾಕಿ ಹೇಳಾಕತ್ತಿದ್ದಿ. ಇಲ್ಲ ಅನ್ಲೇನು?"

ಸುನಂದಾ ಅಲ್ಲೇ ಗೋಡೆಗೆ ಆತು ಕೂತಳು. ಅವನು ತಲೆ ಆಡಿಸಿದ್ದಕ್ಕೆ ಇವಳು ಹೇಳಿದ್ದು, ಇವಳು ಹೇಳಿದ್ದಕ್ಕೆ ಅವನು ತಲೆ ಆಡಿಸಿದ್ದು. ಹಾಗಾದರೆ ಮೊದಲು ನೋಡಿದವರು ಯಾರು? ನಂದೂರಿನಲ್ಲಿ ಕೂತಿದ್ದ ಶಿವಕಾಂತಮ್ಮನೇ?

ಸಂಜೆ ಜೋಳದ ರೊಟ್ಟಿ ಬಡಿಯುತ್ತಾ ಅವಳು ಹಿಂದಕ್ಕೆ ಹೋಗಲು ನೋಡಿದಳು. ಆಸ್ಪತ್ರೆಯ ಮಾತೆಲ್ಲ ಬದಿಗಿಟ್ಟು, ಬರೇ ಆ ದಿನ. ತೊಡೆಯ ಮೇಲೆ ಕುಬಸದ ಗಂಟಿತ್ತು, ಸೀರೆ, ಕುಪ್ಪಸದ ಖಣ, ಐದು ತೆಂಗಿನಕಾಯಿ. ಗಾಳಿಗೆ ಸೆರಗು ಹಾರುತ್ತಿತ್ತು, ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಆಮೇಲೆ ಧಡ್ ಅಂತ ಸಪ್ಪಳ. ಆಮೇಲೆ ತೆಂಗಿನಕಾಯಿಗಳು ಡಾಂಬರಿನ ಮೇಲೆ ಉರುಳುತ್ತಿದ್ದವು. ಗಾಳಿಗೂ ಸಪ್ಪಳಕ್ಕೂ ನಡುವೆ ಹುಡುಗನನ್ನು ಹುಡುಕಿದಳು. ಸಿಕ್ಕ! ನೀಲಿ ಕವರು, ನಗು, ಒಂದೇ ಕೈ. ಎಷ್ಟು ಸ್ಪಷ್ಟ! ಆದರೆ ಆ ಹುಡುಗ ಅವಳ ಎದುರಿಗೆ ನಿಂತಂತೆ ಕಾಣುತ್ತಿದ್ದ, ಫೋಟೋದಲ್ಲಿ ನಿಂತಂತೆ. ಹಿಂದಿನಿಂದ ಬಂದವನು ಎದುರಿಗೆ ಹೇಗೆ ನಿಂತ? ಹಂಚಿನ ಮೇಲಿನ ರೊಟ್ಟಿ ಕರಕಲಾದದ್ದು ಅವಳಿಗೆ ಗೊತ್ತಾಗಲಿಲ್ಲ.

ಶನಿವಾರ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಬಸ್ಸಿನಲ್ಲಿ ಬಂದು ಆ ಜಾಗದಲ್ಲಿ ಇಳಿದರು. ಯಶವಂತ ಫೈಲು ಹಿಡಿದು ನಿಂತಿದ್ದ. ಆಮಿರ್ ತನ್ನ ಬೈಕು ತಂದಿದ್ದ, ಪಕ್ಕದಲ್ಲಿ ಚಾಂದಬಿ. ಹುಡುಗ ಕುಂಟುತ್ತಿದ್ದ. ಸುನಂದಾ ಅವನ ಮುಖ ನೋಡಿದಳು. ಇವನು ಆ ನಗುವ ಹುಡುಗನೇ ಅಲ್ಲ. ಇಷ್ಟು ದಿನ ಶಾಪ ಹಾಕಿದ್ದು ಯಾವ ಮುಖಕ್ಕೋ ಏನೋ.

"ನೋಡ್ರಿ, ಎರಡ ಮಾತು" ಅಂದ ಯಶವಂತ. "ಇವರು ಸೀದಾ ಹೊಂಟಿದ್ರು, ಇಂವ ಮೊಬೈಲಿನ್ಯಾಗ ಮಾತಾಡ್ಕೋತ ಬಂದು ಗುದ್ದಿದ ಅಂತ ಅಕ್ಕಾರ ಹೇಳ್ಯಾರ. ಇವರು ಕೈ ತೋರಸದ, ಹಿಂದ ನೋಡದ ಬಲಕ್ಕ ಹೊರಳಿದ್ರು ಅಂತ ಇಂವ ಹೇಳ್ತಾನ. ಇಬ್ಬರಾಗ ಒಬ್ಬರದು ತಪ್ಪು. ನೋಡಿದವರು ಅಕ್ಕಾರ ಒಬ್ಬರ. ಅದಕ್ಕ ಇನ್ನೊಮ್ಮಿ ಹೇಳಿ ಸಹಿ ಮಾಡಿದ್ರ ಮುಗೀತು."

ಸುನಂದಾ ಬಾಯಿ ತೆರೆದಳು. ಮಾತು ಸಾಲಾಗಿ ನಾಲಿಗೆಯ ತುದಿಗೇ ಬಂದು ನಿಂತಿತ್ತು. ಬಿಟ್ಟರೆ ಅದೇ ಹರಿಯುತ್ತಿತ್ತು. ಅವಳಿಗೆ ಅದರದೇ ಹೆದರಿಕೆಯಾಯಿತು.

"ಸಾಹೇಬ್ರ, ಒಂದ ಸಲ ಗಾಡಿ ಮ್ಯಾಲ ಕೂಡ್ಲೇನ್ರಿ? ಆ ದಿನ ಕೂತಂಗ."

ಆಮಿರ್ ಬೈಕನ್ನು ರಸ್ತೆಯ ಎಡ ಅಂಚಿಗೆ ತಂದು, ಆ ದಿನ ಹೊರಟಿದ್ದ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದ. ವಿವೇಕಾನಂದ ಕಟ್ಟಿದ ಕೈಯಲ್ಲೇ ಮುಂದೆ ಕೂತ. ಸುನಂದಾ ಯಾವಾಗಲೂ ಕೂಡುವಂತೆ, ಸೀರೆಯ ಹೆಂಗಸರೆಲ್ಲ ಕೂಡುವಂತೆ, ಎರಡೂ ಕಾಲು ಎಡಗಡೆ ಇಳಿಬಿಟ್ಟು ಹಿಂದೆ ಕೂತಳು. ತನ್ನ ಕೈಚೀಲ ತೊಡೆಯ ಮೇಲಿಟ್ಟುಕೊಂಡಳು.

ಎದುರಿಗೆ ತೊಗರಿ ಕೊಯ್ದ ಹೊಲ. ಕೂಳೆ. ಆಚೆ ಒಂದು ತಗಡಿನ ಶೆಡ್ಡು. ರಸ್ತೆ ಕಾಣುತ್ತಿರಲಿಲ್ಲ. ರಸ್ತೆ ಪೂರಾ ಅವಳ ಬೆನ್ನಿಗಿತ್ತು. ಹಿಂದಿನಿಂದ, ಗಾಡಿಯ ಬಲಗಡೆಗೆ ಬಂದವನನ್ನು ನೋಡಬೇಕಾದರೆ ಕುತ್ತಿಗೆ ಪೂರಾ ಹಿಂದಕ್ಕೆ ತಿರುಗಬೇಕಿತ್ತು, ಐದು ತೆಂಗಿನಕಾಯಿಯ ಗಂಟು ತೊಡೆಯ ಮೇಲಿಟ್ಟುಕೊಂಡು, ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು. ನಲವತ್ತು ಮಂದಿಯಲ್ಲಿ ಒಬ್ಬರಾದರೂ ಕೇಳಬಾರದಿತ್ತೇ, ನೀ ಯಾವ ಕಡೆ ಮುಖ ಮಾಡಿ ಕೂತಿದ್ದಿ ಅಂತ? ತಾನಾದರೂ ಕೇಳಿಕೊಳ್ಳಬಾರದಿತ್ತೇ! ನಾಚಿಕೆಯಿಂದ ಅವಳ ಕಿವಿ ಕಾದವು.

"ನಾ ನೋಡಿಲ್ಲರಿ" ಅಂದಳು.

ಯಶವಂತನಿಗೆ ತಿಳಿಯಲಿಲ್ಲ. "ಏನ್ ನೋಡಿಲ್ಲ?"

"ಏನೂ ನೋಡಿಲ್ಲ. ಈ ಹೊಲಾ ನೋಡಾಕತ್ತಿದ್ದೆ. ನಾವು ಸೀದಾ ಹೊಂಟಿದ್ವೋ, ಹೊರಳಿದ್ವೋ ಅದೂ ಗೊತ್ತಿಲ್ಲ. ಹುಡುಗನ್ನೂ ನೋಡಿಲ್ಲ, ಮೊಬೈಲೂ ನೋಡಿಲ್ಲ."

"ಮತ್ತ ಆಸ್ಪತ್ರ್ಯಾಗ ಅಷ್ಟೆಲ್ಲ ಹೇಳಿದ್ರಲ್ಲರಿ ಅಕ್ಕಾರ!"

"ಹೇಳಿ ಹೇಳಿ ನೋಡೀನಿ ಅನಿಸಿತ್ತು, ಸಾಹೇಬ್ರ. ಬಂದವರೆಲ್ಲ ಕೇಳ್ತಿದ್ರು. ಗೊತ್ತಿಲ್ಲ ಅಂದ್ರ ಎದ್ದ ಹೋಗ್ತಿದ್ದಿಲ್ಲ."

ಚಾಂದಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಕಣ್ಣು ತುಂಬಿದ್ದವು. ಯಶವಂತ ಹಣೆ ತಿಕ್ಕಿಕೊಂಡ. "ನೀನರ ಹೇಳಪಾ. ಹಾರ್ನ್ ಹೊಡದಿದ್ದಿ ಅಂದಿ, ಪಕ್ಕಾನಾ?" ಅಂತ ಆಮಿರನನ್ನು ಕೇಳಿದ.

ಆಮಿರ್ ಸುನಂದಾಳ ಕಡೆ ನೋಡಿದ. "ಹೊಡದೆ ಅನಸ್ತದ ಸರ್. ದಿನಾ ಇಲ್ಲಿ ಹೊಡೀತೀನಿ. ಆ ದಿನ ಹೊಡದ್ನೋ..." ಅನ್ನುವಷ್ಟರಲ್ಲಿ ಚಾಂದಬಿ ಅವನ ತೋಳು ಜಗ್ಗಿ, "ಚುಪ್!" ಅಂದಳು.

"ಶಾಬಾಸ್, ಎಲ್ಲಾರೂ ಶಾಣ್ಯಾರ ಇದ್ದೀರಿ" ಅಂದ ಯಶವಂತ. ಸಿಟ್ಟೋ ನಗುವೋ ಅವನಿಗೇ ಗೊತ್ತಿರಲಿಲ್ಲ. ಹೊಸ ಹಾಳೆ ತೆಗೆದು ಬೈಕಿನ ಸೀಟಿನ ಮೇಲೆ ಇಟ್ಟು ಬರೆದ. ಸುನಂದಾ ಸಹಿ ಮಾಡಿದಳು. "ಸೋಮವಾರ ಇದು ಕೋರ್ಟಿಗೆ ಹೋಗಂಗಿಲ್ಲ. ಸಾಹೇಬ್ರಿಗೆ ಹೇಳ್ತೀನಿ, ಸಾಕ್ಷಿ ಇಲ್ಲ ಅಂತ ಮುಚ್ಚತಾರ" ಅಂದ. ಚಾಂದಬಿ ಬಂದು ಸುನಂದಾಳ ಎರಡೂ ಕೈ ಹಿಡಿದುಕೊಂಡಳು. ಮಗನ ಬೈಕಿನ ಹಿಂದೆ ಎರಡೂ ಕಾಲು ಎಡಗಡೆ ಬಿಟ್ಟು ಕೂತು ಹೋದಳು.

ಗಂಡಹೆಂಡತಿ ಬಸ್ಸಿಗಾಗಿ ಬೇವಿನ ಗಿಡದ ಕೆಳಗೆ ನಿಂತರು. ವಿವೇಕಾನಂದ ಬಯ್ಯುತ್ತಾನೆ ಅಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ಚಲೋ ಇತ್ತು. ಇಪ್ಪತ್ತೆರಡು ವರ್ಷ ಗಾಡಿ ಓಡಿಸಿ ಒಂದು ನಾಯಿಗೂ ತಾಗಿಸದವನು, ಕೆಲಸ ಮಾಡುವ ಬೇಳೆ ಮಿಲ್ಲಿನಲ್ಲಿ ಅದನ್ನೇ ಹೇಳಿಕೊಂಡು ತಿರುಗುವವನು. ಈಗ ಬಲಕ್ಕೆ ಹೊರಳುವ ಆ ಜಾಗವನ್ನೇ ನೋಡುತ್ತಿದ್ದ, ಅಲ್ಲಿ ಏನಾದರೂ ಬರೆದಿರಬಹುದೇನೋ ಅನ್ನುವಂತೆ.

"ಸುನಂದಾ" ಅಂದ ಕೊನೆಗೆ. "ಹಂಗಾದ್ರ ತಪ್ಪು ನಂದೇನು?"

ಕುಬಸಕ್ಕೆ ಹೊತ್ತಾಗಿತ್ತು, ಊರು ಬಲಕ್ಕೇ ಇತ್ತು, ಹೊರಳಿದ್ದರೂ ಹೊರಳಿರಬಹುದು. ಹೊರಳಿರದೆಯೂ ಇರಬಹುದು. ಅವಳು ಅವನ ಮುಖ ನೋಡಿದಳು. ನಿಮ್ದಲ್ಲ ಬಿಡ್ರಿ, ನೀವು ಸೀದಾ ಹೊಂಟಿದ್ರಿ, ನಾ ನೋಡೀನಿ. ಅಷ್ಟೇ ಮಾತು. ಅಷ್ಟು ಹೇಳಿದರೆ ಅವನು ನಂಬುತ್ತಿದ್ದ, ತಲೆ ಆಡಿಸುತ್ತಿದ್ದ.

"ನಾ ನೋಡಿಲ್ಲರಿ" ಅಂದಳು, ಅವನ ಕಟ್ಟಿದ ಕೈಯ ಬೆರಳು ಹಿಡಿದುಕೊಂಡು.