ಒಂದಕ್ಷರವೂ ಬಿಡದೆ

“ಆಕೆಯ ಮನದಾಳದ ಮೌನಸಾಗರದಲ್ಲಿ ನೆನಪುಗಳ ಹಾಯಿದೋಣಿಗಳು ದಿಕ್ಕು ಕಾಣದೆ ತೇಲುತ್ತಾ ತೇಲುತ್ತಾ, ಏಯ್, ಸಾಬೂನು ತಿನ್ನೋದಲ್ಲ, ಉಗಿ, ಉಗಿ ಅಂದ್ರೆ ಉಗೀಬೇಕು, ಹಾಂ, ಇನ್ನೊಂದ್ಸಲ, ಜಾಣೆ. ಎಲ್ಲಿದ್ದೆ ನಾನು? ಅವಳು ಅಂಗಡಿಯ ಬೀಗ ತೆಗೆದಳು. ಗಡಿಯಾರಗಳೆಲ್ಲ ನಿಂತಿದ್ದವು.”

ಟೈಪಿಂಗ್ ಅಂಗಡಿಯ ಕೌಂಟರಿನ ಮುಂದೆ ನಿಂತು ಲೇಖಕಿ ಇದನ್ನು ಎರಡು ಸಲ ಓದಿದಳು. ಪುಟ ತಿರುವಿದಳು. ಅಲ್ಲಿ ಅವಳ ಕಾದಂಬರಿಯ ನಾಯಕಿ, ಗಡಿಯಾರ ರಿಪೇರಿಯವನ ವಿಧವೆ, ಗಂಡ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು ಮೊದಲ ಸಲ ಅಳುತ್ತಿದ್ದಳು. ಆ ಅಳುವಿನ ನಟ್ಟನಡುವೆ “ಮೂಗು ನನ್ನ ಬಟ್ಟೆಗೆ ಒರೆಸ್ಬೇಡ, ಕರ್ಚೀಫ್ ಎಲ್ಲಿ ಹೋಯ್ತು?” ಎಂದಿತ್ತು. ಅಚ್ಚುಕಟ್ಟಾದ ಅಕ್ಷರ, ಎರಡೂ ಕಡೆ ಸಮನಾದ ಅಂಚು, ಹುಡುಕಿದರೂ ಒಂದು ಕಾಗುಣಿತದ ತಪ್ಪಿಲ್ಲ.

“ಯಾಕಮ್ಮ, ಏನಾದ್ರೂ ಬಿಟ್ಟುಹೋಗಿದೆಯಾ?” ಎಂದು ಟೈಪಿಸ್ಟ್ ಕನ್ನಡಕ ಏರಿಸಿಕೊಂಡು ಕೇಳಿದರು.

“ಬಿಟ್ಟುಹೋಗೋದೇನು ಬಂತು ಸಾರ್! ನಾನು ಮಗಳಿಗೆ ಬೈದಿದ್ದನ್ನೂ ಟೈಪ್ ಮಾಡಿದ್ದೀರಲ್ಲ!”

“ನೀವೇ ಹೇಳಿದ್ರಲ್ಲಮ್ಮ, ಒಂದಕ್ಷರವೂ ಬಿಡಬೇಡಿ ಅಂತ.”

ಹೇಳಿದ್ದು ನಿಜ. ಈ ಮನುಷ್ಯ ನೌಕರಿಯಲ್ಲಿದ್ದಷ್ಟು ಕಾಲವೂ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವರು. ಅಲ್ಲಿ ಕಿವಿಗೆ ಬಿದ್ದದ್ದೆಲ್ಲ ಕಾಗದದ ಮೇಲೆ ಬೀಳಬೇಕು. ಸಾಕ್ಷಿ ಕೆಮ್ಮಿದರೆ ‘ಸಾಕ್ಷಿ ಕೆಮ್ಮಿದರು’ ಎಂದು ಬರೆಯಬೇಕು. ನಿವೃತ್ತರಾಗಿ ಅಂಗಡಿ ಇಟ್ಟ ಮೇಲೂ ಆ ಗುಣ ಹೋಗಲಿಲ್ಲ. ಬೀದಿಯವರು ಅವರಿಗೆ ‘ಯಥಾವತ್ತು’ ಎಂದು ಹೆಸರಿಟ್ಟಿದ್ದರು, ಅವರು ಅದನ್ನು ಬಿರುದು ಎಂದುಕೊಂಡಿದ್ದರು. ಅದು ತಿಳಿಯದೆ, ಇವರು ತನ್ನ ವಾಕ್ಯಗಳನ್ನು ಎಲ್ಲಿ ತಿದ್ದಿಬಿಡುತ್ತಾರೋ ಎಂದು ಹೆದರಿ ಲೇಖಕಿ ಕಾದಂಬರಿಯ ಧ್ವನಿಮುದ್ರಣ ಕೊಡುವಾಗ ಆ ಮಾತು ಹೇಳಿದ್ದಳು. ಮಾಡಿದ್ದುಣ್ಣೋ ಮಹಾರಾಯ!

“ಸಂಪಾದಕರಿಗೆ ಹೋಗಬೇಕಾಗಿದ್ದ ಪ್ರತಿ ಎಲ್ಲಿ ಸಾರ್?”

“ನಿನ್ನೆ ಸಂಜೆಯೇ ಹೋಯ್ತಲ್ಲ. ‘ನನಗೆ ಟೈಮಿಲ್ಲ, ನೇರ ಅವರಿಗೇ ಕಳಿಸಿ’ ಅಂದಿದ್ದೂ ನೀವೇ.” ಆಮೇಲೆ ಅವರು ದನಿ ತಗ್ಗಿಸಿದರು. “ಒಂದೇ ಒಂದು ಕಡೆ ನನಗೆ ಸಮಾಧಾನ ಇಲ್ಲಮ್ಮ. ಮಗು ಸೀನಿತೋ ಕೆಮ್ಮಿತೋ, ಎಷ್ಟು ಸಲ ಕೇಳಿದ್ರೂ ಗೊತ್ತಾಗ್ಲಿಲ್ಲ. ಅಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೀನಿ. ನೀವೇ ನೋಡಿ ಹೇಳ್ಬಿಡಿ.”

ನಗಬೇಕೋ ಅಳಬೇಕೋ ತಿಳಿಯದೆ ಅವಳು ಪುಟಗಳನ್ನು ಚೀಲಕ್ಕೆ ತುರುಕಿಕೊಂಡಳು.

ಬೀದಿಯಲ್ಲಿ ಅವಳನ್ನು ಲೇಖಕಿ ಎನ್ನುವವರಿಲ್ಲ. ಅಲ್ಲಿ ಅವಳು ಚೂಟಿಯ ಅಮ್ಮ. ಚೂಟಿ ಹುಟ್ಟುವ ಮುಂಚೆ ಒಂದು ಕಥಾಸಂಕಲನ ಬಂದಿತ್ತು, ನಾಲ್ಕು ಜನ ಒಳ್ಳೆಯ ಮಾತಾಡಿದ್ದರು. ಆಮೇಲೆ ಕಾದಂಬರಿ ಎಂದು ಹೊರಟದ್ದು ಮೂರು ಅಧ್ಯಾಯಕ್ಕೆ ನಿಂತಿತು. ಆ ಮೂರನ್ನು ಬರೆದದ್ದು ಚೂಟಿ ಕೆಲವು ವಾರ ಅಜ್ಜಿಯ ಮನೆಯಲ್ಲಿದ್ದಾಗ, ಬಾಗಿಲು ಹಾಕಿಕೊಂಡು, ಒಂದೊಂದು ವಾಕ್ಯವನ್ನೂ ತಿಕ್ಕಿ ಹೊಳಪೇರಿಸಿ. ಸಂಪಾದಕಿ ಓದಿ, “ಭಾಷೆ ಚೆನ್ನಾಗಿದೆ, ಜನ ಕಾಣ್ತಿಲ್ಲ” ಎಂದು ಹಿಂದಕ್ಕೆ ಕೊಟ್ಟಿದ್ದರು. ಉಳಿದದ್ದನ್ನು ಬರೆಯಲು ಕೈಗೆ ಎಲ್ಲಿ ಬಿಡುವಿತ್ತು? ಹಾಗಾಗಿ ಬಾಯಿಯಲ್ಲಿ ಹೇಳತೊಡಗಿದಳು. ಪಾತ್ರೆ ತೊಳೆಯುವಾಗ ಮೊಬೈಲು ಲೋಟಗಳ ನಡುವೆ ನಿಲ್ಲುತ್ತಿತ್ತು, ಮಗುವಿಗೆ ಸ್ನಾನ ಮಾಡಿಸುವಾಗ ಬಚ್ಚಲಿನ ಕಿಟಕಿಯಲ್ಲಿ. ಪಂಪ್‌ಹೌಸಿನಲ್ಲಿ ಪಾಳಿ ಕೆಲಸ ಮಾಡುವ ಗಂಡ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, “ಯಾರ ಜೊತೆ ಮಾತಾಡ್ತಿದ್ದೀಯ? ನನಗೆ ಭಯ ಆಗ್ತಿದೆ ಕಣೆ” ಎಂದಿದ್ದ.

ಹೀಗೆ ಕಡ ತಂದ ಗಳಿಗೆಗಳಲ್ಲಿ ಹೇಳಿದ್ದು ಏನು ಚೆನ್ನಾಗಿರುತ್ತದೆ ಎಂದು ಅವಳಿಗೇ ನಂಬಿಕೆಯಿರಲಿಲ್ಲ. ಈ ಸಲ ಸಂಪಾದಕಿ ಬೇಡವೆಂದರೆ ಪುಸ್ತಕ ಅಲ್ಲಿಗೆ ಮುಗಿಯಿತು. ಬೇಕೆಂದರೂ ಕೊನೆಯ ಭಾಗ ಬಾಕಿಯಿತ್ತು, ಅದಕ್ಕೆ ನಿಶ್ಶಬ್ದ ಬೇಕಿತ್ತು. ಯೋಚಿಸಿ ಯೋಚಿಸಿ ತೀರ್ಮಾನವಾಗಿತ್ತು: ಭಾನುವಾರ ಅಮ್ಮ ಬಂದು ಚೂಟಿಯನ್ನು ತನ್ನ ಊರಿಗೆ ಕರೆದುಕೊಂಡು ಹೋಗುವುದು, ಪುಸ್ತಕ ಮುಗಿಯುವವರೆಗೆ ಅಲ್ಲೇ ಇಟ್ಟುಕೊಳ್ಳುವುದು. ಗಂಡ, “ನಿನ್ನ ಪುಸ್ತಕ ಮುಗೀಲಿ” ಎಂದಷ್ಟೇ ಹೇಳಿ ಆ ಕಡೆ ತಿರುಗಿಕೊಂಡ. ಅವಳೂ ಈಚೆಗೆ ಸ್ನಾನ ಮಾಡಿಸುವಾಗ ನೀರು ತಣ್ಣಗಾಗುವವರೆಗೂ ಮಗುವನ್ನು ಬಿಡುತ್ತಿರಲಿಲ್ಲ.

ಅಂಗಡಿಯಿಂದ ಹೊರಬಂದು ರಸ್ತೆ ದಾಟುವಷ್ಟರಲ್ಲಿ ಸಂಪಾದಕಿಯ ಫೋನು.

“ಓದಿದೆ,” ಎಂದರು. ಲೇಖಕಿ ಬಾಯಿ ತೆರೆಯುವುದಕ್ಕೂ ಬಿಡಲಿಲ್ಲ. “ಫೋನಲ್ಲಿ ಬೇಡ. ನಾಳೆ ಬೆಳಿಗ್ಗೆ ಬಾ. ಬರುವಾಗ ಆ ಸಾಬೂನು ತಿನ್ನೋ ಮಗೂನೂ ಕರ್ಕೊಂಡು ಬಾ.”

ಪ್ರಕಾಶನದ ಕಚೇರಿ ಒಂದು ಮುದ್ರಣಾಲಯದ ಮೇಲಿತ್ತು. ಕೆಳಗೆ ಯಂತ್ರ ಓಡಿದಾಗಲೆಲ್ಲ ಮೇಲಿನ ಮೇಜುಗಳ ಗಾಜು ಸಣ್ಣಗೆ ಅದುರುತ್ತಿತ್ತು. ಕುರ್ಚಿಗಳ ಮೇಲೆ ಕರಡುಗಳ ಕಟ್ಟು, ನೆಲದ ಮೇಲೆ ಕರಡುಗಳ ಕಟ್ಟು. ಅವುಗಳ ನಡುವೆ ಬಿಳಿ ಕೂದಲಿನ ಸಂಪಾದಕಿ. ಅವರ ಕೈಯಿಂದ ವಾಪಸು ಬಂದ ಹಸ್ತಪ್ರತಿ ಅಪಘಾತದಿಂದ ಎದ್ದು ಬಂದಂತೆ ಇರುತ್ತದೆ ಎಂದು ಬರೆಯುವವರು ಆಡಿಕೊಳ್ಳುತ್ತಿದ್ದರು. ಲೇಖಕಿ ಬಾಗಿಲಲ್ಲಿಯೇ ಶುರುಮಾಡಿದಳು.

“ಮೇಡಂ, ಅದು ತಪ್ಪಾಗಿ ಬಂದಿದ್ದು. ಟೈಪಿಸ್ಟ್ ಸ್ವಲ್ಪ...”

“ಕೂತ್ಕೋ. ಆ ಟೈಪಿಸ್ಟಿಗೆ ಒಂದು ನಮಸ್ಕಾರ ಹೇಳು.”

ಚೂಟಿ ಅಷ್ಟರಲ್ಲಿ ಕುರ್ಚಿ ಹತ್ತಿ ಮೇಜಿನ ಮೇಲೆ ಗಲ್ಲ ಇಟ್ಟುಕೊಂಡು ನೋಡುತ್ತಿದ್ದಳು. “ಅಜ್ಜಿ, ನೀನ್ಯಾಕೆ ಪುಸ್ತಕದ ಮೇಲೆಲ್ಲ ಗೀಚಿದ್ದೀಯ? ಅಮ್ಮ ಬೈತಾಳೆ!”

“ಬೈತಾಳೆ ಪುಟ್ಟಿ, ಮನಸ್ಸಲ್ಲೇ ಬೈತಾಳೆ,” ಎಂದು ಸಂಪಾದಕಿ ಹಸ್ತಪ್ರತಿಯನ್ನು ಲೇಖಕಿಯ ಕಡೆ ತಿರುಗಿಸಿದರು. “ಇದನ್ನ ನೋಡು. ನಿನ್ನ ಹಾಯಿದೋಣಿ ಹೊಡೆದುಹಾಕಿದ್ದೀನಿ. ಸಾಬೂನೂ ಹೊಡೆದುಹಾಕಿದ್ದೀನಿ, ಗಡಿಯಾರದ ಅಂಗಡಿಯಲ್ಲಿ ಸಾಬೂನಿಗೇನು ಕೆಲಸ? ಅದರ ಮುಂದಿಂದು ನೋಡು.”

ಮುಂದೆ ಕೆಂಪು ಗೆರೆಯೇ ಇರಲಿಲ್ಲ. ಅವಳು ಅಂಗಡಿಯ ಬೀಗ ತೆಗೆದಳು, ಗಡಿಯಾರಗಳೆಲ್ಲ ನಿಂತಿದ್ದವು. ಅಲ್ಲಿಂದ ಪುಟದ ಕೆಳಗಿನವರೆಗೂ ಪೆನ್ಸಿಲು ಮುಟ್ಟಿರಲಿಲ್ಲ.

“ತಿರುವು. ಇನ್ನೊಂದು.”

ಅಲ್ಲಿಯೂ ಹಾಗೆಯೇ. ಉದ್ದನೆಯ ವಾಕ್ಯವೊಂದು ಗರಿ ಬಿಚ್ಚುತ್ತಾ ಬರುತ್ತಿತ್ತು, ಕೆಂಪು. ನಡುವೆ ಕರ್ಚೀಫು, ಒದ್ದೆ ಚಡ್ಡಿ, ಬೆಕ್ಕಿನ ಬಾಲ, ಅದೂ ಕೆಂಪು. ಆಮೇಲೆ ಬಿಳಿ ಕಾಗದ. ಒಂದು ಕಡೆ ವಿಧವೆ ಗಂಡ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಭೂತಗಾಜನ್ನು ತನ್ನ ಕಣ್ಣಿಗೆ ಇಟ್ಟುಕೊಳ್ಳುತ್ತಾಳೆ, ಅದು ಅವಳ ಕಣ್ಣಿಗೆ ನಿಲ್ಲದೆ ಕೆಳಗೆ ಬೀಳುತ್ತದೆ. ಇದನ್ನು ತಾನು ಯಾವಾಗ ಹೇಳಿದೆ ಎಂದು ಲೇಖಕಿಗೆ ನೆನಪೇ ಬರಲಿಲ್ಲ. ಯಾರೋ ಬೇರೆಯವರ ಪುಸ್ತಕ ಓದುವಂತೆ ಅವಳು ಅದನ್ನು ಇನ್ನೊಮ್ಮೆ ಓದಿದಳು.

“ಮಗು ಅಡ್ಡ ಬರೋ ತನಕ ನೀನು ನಮ್ಮನ್ನ ಮೆಚ್ಚಿಸ್ತಾ ಇರ್ತೀಯ,” ಎಂದರು ಸಂಪಾದಕಿ. “ಅದು ಬಂದು ಹೋದ ಮೇಲೆ ಮೆಚ್ಚಿಸೋಕೆ ಪುರುಸೊತ್ತಿಲ್ಲ. ಮತ್ತೆ ಅಡ್ಡ ಬರೋದ್ರೊಳಗೆ ವಿಷಯ ಹೇಳಿ ಮುಗಿಸಬೇಕು. ಹೇಳಿದ್ದೀಯ. ಅಲ್ಲೆಲ್ಲ ಆ ಹೆಂಗಸು ನನ್ನ ಕಣ್ಣಿಗೆ ಕಾಣ್ತಾಳೆ. ಆಯ್ತು, ಆ ಮೊದಲ ಮೂರು ಅಧ್ಯಾಯ ಬರೆದಾಗ ಇವಳೆಲ್ಲಿದ್ಲು?”

“ನಮ್ಮಮ್ಮನ ಮನೇಲಿ.”

“ಅದಕ್ಕೇ.”

ಕೆಳಗೆ ಯಂತ್ರ ನಿಂತಿತು. ಗಾಜಿನ ಸದ್ದೂ ನಿಂತಿತು. ಹೇಳಬಾರದು ಎಂದುಕೊಂಡೇ ಲೇಖಕಿ ಹೇಳಿಬಿಟ್ಟಳು. “ಭಾನುವಾರ ನಮ್ಮಮ್ಮ ಬರ್ತಿದ್ದಾರೆ ಮೇಡಂ. ಪುಸ್ತಕ ಮುಗಿಯೋವರೆಗೂ ಇವಳನ್ನ ಕರ್ಕೊಂಡು ಹೋಗೋಕೆ. ನನಗೆ ಸಾಕಾಗಿಹೋಗಿದೆ. ಕೂತು ಒಂದು ಲೋಟ ನೀರು ಕುಡಿಯೋಕೂ ಆಗ್ತಿಲ್ಲ.”

ಸಂಪಾದಕಿ ಪೆನ್ಸಿಲು ಕೆಳಗಿಟ್ಟರು. “ನೀನು ದಣಿದಿರೋದು ಮುಖದಲ್ಲೇ ಕಾಣುತ್ತಮ್ಮ. ಕಳಿಸೋದು ಬಿಡೋದು ನಿನಗೆ ಸೇರಿದ್ದು. ಹೆತ್ತವಳಿಗೆ ಬುದ್ಧಿ ಹೇಳೋದು ನನ್ನ ಕೆಲಸ ಅಲ್ಲ. ಕಾಗದದ ಮೇಲೆ ಏನಿದೆ ಅಂತ ಹೇಳೋದಷ್ಟೇ ನನ್ನ ಕೆಲಸ. ಪುಸ್ತಕ ನಾವು ಮಾಡ್ತೀವಿ. ಕೊನೆ ಭಾಗ ಮುಗಿಸು. ಆ ಮೊದಲ ಮೂರು ಅಧ್ಯಾಯ ಮತ್ತೆ ಬರಿ. ಅಲ್ಲ, ಬರೀಬೇಡ. ಹೇಳು.”

ಏಳುವಾಗ ಲೇಖಕಿ ಕೇಳಿದಳು: “ಇವಳನ್ನ ಕರ್ಕೊಂಡು ಬಾ ಅಂದಿದ್ದು ಯಾಕೆ ಮೇಡಂ?”

“ನನಗಿಂತ ಮುಂಚೆ ಹಸ್ತಪ್ರತಿಗೆ ಕತ್ತರಿ ಹಾಕಿದವರನ್ನ ನಾನು ಈವರೆಗೂ ಕಂಡಿರ್ಲಿಲ್ಲ. ಮುಖ ನೋಡೋಣ ಅನ್ನಿಸ್ತು.”

ಮುದ್ರಣಾಲಯದ ಮೆಟ್ಟಿಲ ಮೇಲೆ ಲೇಖಕಿ ಕೂತುಬಿಟ್ಟಳು. ಮೇಲಿಂದ ಕಾಗದದ ಕಟ್ಟು ಹೊತ್ತು ಇಳಿಯುತ್ತಿದ್ದವನೊಬ್ಬ “ಜರುಗಿ ಅಕ್ಕ” ಎಂದ; ಅವಳು ಜರುಗಿ ಮತ್ತೆ ಕೂತಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮಗು ಇಲ್ಲದಿದ್ದರೆ ಏನೆಲ್ಲ ಬರೆಯುತ್ತಿದ್ದೆ ಎಂದು ಎಷ್ಟು ಸಲ ಅಂದುಕೊಂಡಿದ್ದಳೋ. ಬರೆಯುತ್ತಿದ್ದಳು, ಹಾಯಿದೋಣಿಗಳನ್ನು, ಪುಟಗಟ್ಟಲೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು, ತಡೆಯಲಾಗದಷ್ಟು. ಮಗಳನ್ನು ಎಳೆದು ಅಪ್ಪಿಕೊಂಡಳು.

“ಬಿಡಮ್ಮ, ಉಸಿರು ಕಟ್ಟುತ್ತೆ!” ಎಂದು ಚೂಟಿ ಕೊಸರಿಕೊಂಡಳು.

ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿದಳು. “ಅಮ್ಮಾ, ಚೂಟಿನ ಕಳಿಸಲ್ಲ.”

ಆ ಕಡೆಯಿಂದ ಗಾಬರಿಯ ದನಿ: “ಪುಸ್ತಕ ಬಿಟ್ಬಿಟ್ಯಾ? ಹಾಗೆ ಮಾಡ್ಬೇಡ ಕಣೆ. ನಿನ್ನ ಕಾಲಿಗೆ ಬೇಕಾದ್ರೆ ಬೀಳ್ತೀನಿ, ಪುಸ್ತಕ ಮಾತ್ರ ಬಿಡಬೇಡ. ಮನೆ, ಮಕ್ಕಳು ಅಂತ ಬಿಟ್ಟವರು ನಮ್ಮ ಮನೇಲಿ ಬೇಕಾದಷ್ಟು ಜನ ಇದ್ದಾರೆ.”

“ಬಿಟ್ಟಿಲ್ಲಮ್ಮ. ತಗೊಂಡಿದ್ದಾರೆ.” ಅಳು ಬಂದು ಮಾತು ತಡವರಿಸಿತು. “ಅಮ್ಮಾ, ಅವಳನ್ನ ಅಲ್ಲಿಗೆ ಕಳಿಸೋ ಬದಲು ನೀನೇ ಬಂದು ಇಲ್ಲಿರ್ತೀಯಾ? ಸ್ವಲ್ಪ ದಿನ?”

“ಅಯ್ಯೋ ಹುಚ್ಚಿ! ಈ ಮಾತು ಹೇಳೋಕೆ ಇಷ್ಟು ದಿನ ಬೇಕಾಯ್ತಾ? ನೀನು ಕರೀಲಿ ಅಂತ ಕಾಯ್ತಾ ಇದ್ದೆ. ಕರೀದೆ ಬಂದ್ರೆ ಅಳಿಯಂದಿರು ಏನಂದ್ಕೋತಾರೋ ಅಂತ ಸುಮ್ನಿದ್ದೆ.”

ಅಮ್ಮ ಭಾನುವಾರ ಬಂದಳು. ತಂದ ಸಾಮಾನು ನೋಡಿದರೆ ಸ್ವಲ್ಪ ದಿನಕ್ಕೆ ಬಂದವಳಂತೆ ಕಾಣಲಿಲ್ಲ. ಬಂದವಳೇ ಬಚ್ಚಲು, ಅಡುಗೆಮನೆ, ಮೊಮ್ಮಗಳು ಎಲ್ಲವನ್ನೂ ತನ್ನ ಸುಪರ್ದಿಗೆ ತೆಗೆದುಕೊಂಡಳು. ಅಳಿಯನಿಗೆ ಪಾಳಿ ಮುಗಿಸಿ ಬಂದ ಮೇಲೆ ಬಿಸಿಯೂಟ, ಮಗಳಿಗೆ ವರ್ಷಗಳ ಮೇಲೆ ಕೂತು ತಿನ್ನುವ ಊಟ. ಮೂರನೆಯ ದಿನ ಬೆಳಿಗ್ಗೆ ಮಗಳನ್ನು ಕೋಣೆಗೆ ದಬ್ಬಿ, “ಇನ್ನು ನೀನುಂಟು ನಿನ್ನ ಕೆಲಸ ಉಂಟು. ಇವಳನ್ನ ಈ ಕಡೆ ತಲೆ ಹಾಕೋಕೂ ಬಿಡಲ್ಲ” ಎಂದು ಬಾಗಿಲು ಮುಚ್ಚಿಕೊಂಡು ಹೋದಳು.

ಲೇಖಕಿ ಮೇಜಿನ ಮುಂದೆ ಕೂತಳು. ಎರಡೂ ಕೈ ಖಾಲಿ. ಅವನ್ನು ಎಲ್ಲಿಡಬೇಕೆಂದು ತೋಚದೆ ತೊಡೆಯ ಮೇಲಿಟ್ಟುಕೊಂಡಳು. ಮೊಬೈಲು ಒತ್ತಿ, ಮೊದಲ ಅಧ್ಯಾಯವನ್ನು ಹೇಳತೊಡಗಿದಳು: “ಮುಂಜಾವಿನ ಮಂಜಿನ ಮುಸುಕಿನೊಳಗೆ ಊರೆಂಬ ಊರೇ ತನ್ನ ಶತಮಾನಗಳ ನಿಟ್ಟುಸಿರನ್ನು...”

ತನ್ನ ದನಿ ತನಗೇ ಕೇಳಿಸಿತು. ನಿಲ್ಲಿಸಿದಳು.

ಹೊರಗೆ ಅಜ್ಜಿ ಮೊಮ್ಮಗಳು ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ಅವಳು ಎದ್ದು ಹೋಗಿ ಬಾಗಿಲನ್ನು ಒಂದು ಗೇಣಿನಷ್ಟು ತೆರೆದಳು. ಮತ್ತೆ ಮುಚ್ಚಿಕೊಳ್ಳದಂತೆ ಅದಕ್ಕೆ ಕುರ್ಚಿಯ ಮೇಲಿದ್ದ ದಿಂಬು ಒತ್ತು ಕೊಟ್ಟಳು. ಬಂದು ಕೂತಳು. ಕಾದಳು.

ಸ್ವಲ್ಪ ಹೊತ್ತಿಗೆ ಆ ಸಂದಿಯಲ್ಲಿ, ಬಾಗಿಲ ಚಿಲಕಕ್ಕಿಂತ ಬಹಳ ಕೆಳಗೆ, ಒಂದು ಕಣ್ಣು ಕಾಣಿಸಿತು.

“ಅಮ್ಮಾ...”

“ಬಾ,” ಎಂದಳು ಅವಳು.